ದೊಡ್ಡ ಮಳಿಗೆಯ ಲೆಕ್ಕದ ಕೋಣೆಯಲ್ಲಿ ಆರು ತಿಂಗಳು: ಶಿವಮೊಗ್ಗದ ಒಂದು ಫೈನಾನ್ಸ್ ಇಂಟರ್ನ್‌ಶಿಪ್

ಮೊದಲೇ ಹೇಳಿಬಿಡುತ್ತೇನೆ. ಫೈನಾನ್ಸ್ ಇಂಟರ್ನ್ ಅಂದ ಕೂಡಲೇ ಷೇರು, ಹೂಡಿಕೆ ಅಂತೆಲ್ಲ ಕನಸು ಕಟ್ಟಿಕೊಂಡು ಹೋದರೆ ನಿರಾಸೆ ಗ್ಯಾರಂಟಿ. 2025ರ ಜೂನ್‌ನಿಂದ ನವೆಂಬರ್‌ವರೆಗೆ ನಾನು ಶಿವಮೊಗ್ಗದಲ್ಲಿ ಒಂದು ದೊಡ್ಡ ರಿಟೇಲ್ ಕಂಪನಿಯ ಮಳಿಗೆಯಲ್ಲಿದ್ದೆ. ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ, ತಾಳೆ ನೋಡುವುದು. ಬಂದ ಸರಕಿಗೂ ಬಿಲ್ಲಿಗೂ ತಾಳೆ, ಗಲ್ಲಾಪೆಟ್ಟಿಗೆಗೂ ಕಂಪ್ಯೂಟರಿಗೂ ತಾಳೆ, ನಮ್ಮ ಲೆಕ್ಕಕ್ಕೂ ಜಿಎಸ್‌ಟಿ ಪೋರ್ಟಲ್ಲಿಗೂ ತಾಳೆ. ಮುಗಿಸಿ ಕೆಲವು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬಿಸಿಬಿಸಿಯಲ್ಲಿ ಬರೆದಿದ್ದರೆ ಬೈಗುಳವೇ ಜಾಸ್ತಿ ಇರುತ್ತಿತ್ತು.

ಆಯ್ಕೆ ಸುಲಭ. ಎಕ್ಸೆಲ್‌ನಲ್ಲಿ ವಿ-ಲುಕಪ್, ಪಿವೋಟ್ ಬಂದರೆ ಸಾಕು. ಆಮೇಲೆ ಬೆಂಗಳೂರಿನಿಂದ ಹತ್ತು ನಿಮಿಷದ ವಿಡಿಯೋ ಕಾಲ್. ಸ್ಟೈಪೆಂಡ್ ತಿಂಗಳಿಗೆ 9,000. ವಿನೋಬನಗರದ ಪಿಜಿಗೆ 5,500 ಕೊಟ್ಟ ಮೇಲೆ ಉಳಿಯುವುದು ಎಷ್ಟು ಅಂತ ಬಿ.ಕಾಂ. ಓದದವರೂ ಹೇಳಬಹುದು.

ಮೊದಲ ತಿಂಗಳು ಬರೀ ಕ್ಯಾಶ್. ಹಿಂದಿನ ದಿನದ ನೋಟು ಎಣಿಸಿದ ಚೀಟಿ, ಕಾರ್ಡ್ ಯಂತ್ರದ ವರದಿ, ಯುಪಿಐ ಮೊತ್ತ ಎಲ್ಲ ಕೂಡಿಸಿ ಮಾರಾಟಕ್ಕೆ ಹೊಂದಿಸಬೇಕು. ಎರಡನೇ ತಿಂಗಳು ಗೋಡೌನ್. ಆರ್ಡರ್, ಸರಕು ಇಳಿಸಿಕೊಂಡ ರಸೀದಿ, ಸರಬರಾಜುದಾರರ ಬಿಲ್, ಈ ಮೂರೂ ಒಂದೇ ಮಾತು ಹೇಳಬೇಕು. ಪುನರ್ವಸು ಮಳೆಯಲ್ಲಿ ಹೇಳುತ್ತಿರಲಿಲ್ಲ. ಲಾರಿ ತಡವಾಗಿ ಬರುತ್ತಿತ್ತು, ಸಕ್ಕರೆ ಚೀಲ ಒದ್ದೆ, ಹಪ್ಪಳದ ಪೆಟ್ಟಿಗೆಗೆ ಬೂಸ್ಟು. ಪ್ರತಿಯೊಂದಕ್ಕೂ ಡೆಬಿಟ್ ನೋಟ್, ಅಂದರೆ ಸರಬರಾಜುದಾರರ ಬಿಲ್ಲಿನಿಂದ ಇಷ್ಟು ಕಡಿತ ಅಂತ ಬರೆಯುವ ಚೀಟಿ. ಪುಸ್ತಕದಲ್ಲಿ ‘ಶ್ರಿಂಕೇಜ್’ (ಸರಕು ಹಾಳಾಗಿ, ಕಳೆದು ಆಗುವ ನಷ್ಟ) ಅಂತ ಒಂದು ಸಾಲು ಓದಿದ್ದೆ. ಅದು ಹೇಗೆ ವಾಸನೆ ಬರುತ್ತೆ ಅಂತ ಪುಸ್ತಕ ಹೇಳಿರಲಿಲ್ಲ.

ನಿಜವಾಗಿ ಕಲಿತದ್ದು ಒಂದು ಉಪ್ಪಿನಕಾಯಿ ಬಿಲ್ಲಿನಿಂದ. ಸಾಗರದ ಕಡೆಯ ಒಬ್ಬರು ನಮಗೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಡುತ್ತಿದ್ದರು. ಅವರ ಜುಲೈ ಬಿಲ್ ಪಾಸಾಗದೆ ನಿಂತಿತ್ತು. ದಿನ ಬಿಟ್ಟು ದಿನ ಫೋನ್, ‘ದುಡ್ಡು ಯಾವಾಗ ಬರ್ತದೆ?’ ಹುಡುಕಿದೆ. ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಅಂತ, ಸರಬರಾಜುದಾರರು ತೋರಿಸಿದ ಬಿಲ್‌ಗಳ ಒಂದು ಪಟ್ಟಿ ಬರುತ್ತೆ. ಅದರಲ್ಲಿ ಕಾಣದ ಬಿಲ್ಲಿಗೆ ಕಂಪನಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಳ್ಳುವ ಹಾಗಿಲ್ಲ. ಕ್ರೆಡಿಟ್ ಇಲ್ಲ ಅಂದರೆ ಹಣವನ್ನೂ ತಡೆಯುವುದು ನಮ್ಮ ಕಂಪನಿಯ ಪದ್ಧತಿ. ಇವರದ್ದು ಸಣ್ಣ ವ್ಯವಹಾರ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಹಾಗಾಗಿ ಬಿಲ್ ಅಕ್ಟೋಬರ್‌ವರೆಗೆ ಕಾಣಿಸಿಕೊಳ್ಳುವುದೇ ಇಲ್ಲ! ಆದರೆ ಅಂಥವರಿಗೂ ಒಂದು ದಾರಿ ಇದೆ, ಐಎಫ್‌ಎಫ್ (ಇನ್‌ವಾಯ್ಸ್ ಫರ್ನಿಶಿಂಗ್ ಫೆಸಿಲಿಟಿ) ಅಂತ. ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್‌ಗಳನ್ನು ಮುಂದಿನ ತಿಂಗಳ 13ರೊಳಗೆ ಅದರಲ್ಲಿ ಏರಿಸಬಹುದು. ಅವರ ಲೆಕ್ಕದವರಿಗೆ ಫೋನ್ ಮಾಡಿ ಹೇಳಿದೆ. ಸೆಪ್ಟೆಂಬರ್ 13ರೊಳಗೆ ಆಗಸ್ಟಿನದ್ದರ ಜೊತೆಗೆ, ಬಿಟ್ಟುಹೋಗಿದ್ದ ಜುಲೈ ಬಿಲ್ಲನ್ನೂ ಏರಿಸಿದರು. ಮರುದಿನ ಪಟ್ಟಿಯಲ್ಲಿ ಬಿಲ್ ಕಂಡಾಗ ನನಗಾದ ಖುಷಿಯನ್ನು ಪಿಜಿಯಲ್ಲಿ ಯಾರಿಗೂ ಅರ್ಥ ಮಾಡಿಸಲು ಆಗಲಿಲ್ಲ.

ಅದೇ ತಿಂಗಳು 22ಕ್ಕೆ, ನವರಾತ್ರಿ ಶುರುವಾದ ದಿನವೇ, ಜಿಎಸ್‌ಟಿ ದರ ಬದಲಾಯಿತು. ಶಾಂಪೂ, ಸೋಪು, ಬಿಸ್ಕತ್ತು 18ರಿಂದ 5ಕ್ಕೆ, ತುಪ್ಪ 12ರಿಂದ 5ಕ್ಕೆ. ತೆರಿಗೆ ಬಿಟ್ಟು 100 ರೂಪಾಯಿಯ ಶಾಂಪೂ ನಿನ್ನೆ 118, ಇವತ್ತು 105. ಪೊಟ್ಟಣದ ಮೇಲೆ ಮಾತ್ರ ಹಳೇ ಬೆಲೆಯೇ. 21ರ ರಾತ್ರಿ ಎರಡು ಗಂಟೆವರೆಗೆ ಕೂತು ಕಂಪ್ಯೂಟರಿನ ದರವನ್ನು ಒಂದೊಂದೇ ಪರೀಕ್ಷಿಸಿದೆವು. ಬೆಳಗ್ಗೆ ಗಿರಾಕಿಗಳಿಗೆ ವಿವರಿಸಿದ್ದು ಬಿಲ್ಲಿಂಗ್ ಹುಡುಗಿಯರು. ನನ್ನ ಆರು ತಿಂಗಳಲ್ಲಿ ಅತಿ ಚೆಂದದ ವಾರ ಅದು. ಸುಮ್ನೆ ಹೇಳುತ್ತಿಲ್ಲ.

ಇನ್ನೊಂದು ವಿಷಯ ಬೆಂಗಳೂರಿನ ಹೆಡ್ ಆಫೀಸಿನವರಿಗೆ ಕೊನೆಗೂ ಹೊಳೆಯಲಿಲ್ಲ. ಅವರ ಹಾಳೆಯಲ್ಲಿ ಎಲ್ಲ ಊರಿಗೂ ಒಂದೇ ಅಳತೆಯ ಟಾರ್ಗೆಟ್. ಆದರೆ ಮಲೆನಾಡಿನ ಜೇಬು ಅಡಿಕೆಯ ಕೈಯಲ್ಲಿದೆ ಅಲ್ವಾ? ಜೂನ್‌ನಲ್ಲಿ ದುಡ್ಡು ತೋಟಕ್ಕೆ ಹೊಡೆಯುವ ಮೈಲುತುತ್ತಕ್ಕೆ, ಮಕ್ಕಳ ಫೀಸಿಗೆ ಹೋಗುತ್ತೆ. ಆಷಾಢದಲ್ಲಿ ಮದುವೆಯೂ ಇಲ್ಲ, ಖರೀದಿಯೂ ಇಲ್ಲ. ಕೊಳೆರೋಗ ಬಂತೋ, ಹಬ್ಬದಲ್ಲೂ ಕೈ ಬಿಗಿ. ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು) ಮುಗಿದು ಮಂಡಿಯಿಂದ ಹಣ ಬಂದ ಮೇಲೆಯೇ ಮಿಕ್ಸಿ, ಟಿವಿ. ಇದನ್ನು ಒಂದು ಪುಟ ಬರೆದು ಕಳಿಸಿದೆ. ‘ನೋಟೆಡ್’ ಅಂತ ಉತ್ತರ ಬಂತು. ಆಗಸ್ಟಿನ ಟಾರ್ಗೆಟ್ ಮಾತ್ರ ಹಾಗೇ ಇತ್ತು.

ಈಗ ದೂರು. ಶನಿವಾರ, ಭಾನುವಾರ ನನ್ನನ್ನು ಬಿಲ್ಲಿಂಗ್ ಕೌಂಟರಿಗೆ ತಳ್ಳುತ್ತಿದ್ದರು. ಆಫರ್ ಲೆಟರಿನಲ್ಲಿ ಇದರ ಸುಳಿವೇ ಇರಲಿಲ್ಲ. ಸಿಸ್ಟಂನಲ್ಲಿ ನನಗೆ ಇದ್ದದ್ದು ಬರೀ ನೋಡುವ ಅನುಮತಿ. ತಪ್ಪು ಹಿಡಿದರೂ ತಿದ್ದಲು ಬೇರೆಯವರ ಕಾಲು ಹಿಡಿಯಬೇಕು. ಎರಡು ಸಲ ಸ್ಟೈಪೆಂಡ್ ತಡವಾಯಿತು. ಸರಬರಾಜುದಾರರಿಗೆ ದಿನಾಂಕ ಪಾಠ ಮಾಡುವ ಕಂಪನಿಯೇ ಹೀಗೆ ಮಾಡಿದಾಗ ನಗು ಬಂತು. ಸರ್ಟಿಫಿಕೇಟ್‌ಗಾಗಿ ಏಳು ಮೇಲ್ ಕಳಿಸಿದೆ.

ಆದರೂ ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಗೋಡೌನಿನ ಹಿರಿಯರೊಬ್ಬರಿಗೆ. ಚೀಲ ಎತ್ತಿ ನೋಡಿಯೇ ಅರ್ಧ ಕಿಲೋ ಕಡಿಮೆ ಅಂತ ಹೇಳುತ್ತಿದ್ದರು, ತಕ್ಕಡಿಯೂ ಅದನ್ನೇ ಹೇಳುತ್ತಿತ್ತು.

ಸಿಎ ಆಫೀಸಿಗೆ ಹೋಗುವ ಆಸೆ ಇದ್ದವರು ಕಣ್ಣು ಮುಚ್ಚಿಕೊಂಡು ಸೇರಿ. ಈಗ ನಾನಿರುವ ಕಡೆ 2ಬಿ ತಾಳೆ ಕೆಲಸವನ್ನು ಮೊದಲ ವಾರವೇ ನನ್ನ ಕೈಗೆ ಕೊಟ್ಟರು. ಬ್ಯಾಂಕ್, ಹೂಡಿಕೆ ಅನ್ನುವವರು ಬೇರೆ ಕಡೆ ನೋಡಿ. ಸೇರುವ ಮುಂಚೆ ವಾರಾಂತ್ಯದ ಕೆಲಸ ಏನು ಅಂತ ಬರೆಸಿಕೊಳ್ಳಿ. ಜೂನ್ ಬ್ಯಾಚ್ ಆದರೆ ಇನ್ನೊಂದು ಜೊತೆ ಚಪ್ಪಲಿ ಆಫೀಸಿನಲ್ಲೇ ಇಟ್ಟಿರಿ, ಲಾರಿ ಬಂದಾಗ ಗೋಡೌನ್ ಬಾಗಿಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತೆ.