ಮನೆಯ ನಾಯಿ, ಬೆಕ್ಕಿನ ಫೋಟೋಗೆ ಮೊಬೈಲ್ ಸಾಕಾ, ಕ್ಯಾಮೆರಾ ಬೇಕಾ?

ಕಿಟಕಿ ಪಕ್ಕ ಮಲಗಿರುವ ಬೆಕ್ಕಿಗೆ ಮೊಬೈಲೇ ಸಾಕು. ತಕ್ಷಣ ಕೈಗೆ ಸಿಗುತ್ತದೆ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಎಷ್ಟೋ ಸಲ ಮೀಸೆಯನ್ನೂ ಹಿನ್ನೆಲೆಯ ಜೊತೆ ಮಸುಕು ಮಾಡಿಬಿಡುತ್ತದೆ.

ಓಡಾಡುವ ನಾಯಿಯಾದರೆ ನನ್ನ ಓಟು ಕ್ಯಾಮೆರಾಗೆ. ಚಿತ್ರ ಮಸುಕಾಗದಿರಲು ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) 1/250 ಸೆಕೆಂಡಾದರೂ ಬೇಕು, ಆಟದ ಹೊತ್ತಲ್ಲಿ 1/500. ಅಷ್ಟು ಕಡಿಮೆ ಹೊತ್ತು ತೆರೆದರೆ ಬೆಳಕು ಜಾಸ್ತಿ ಬೇಕು. ಮನೆಯೊಳಗೆ ಅಷ್ಟು ಬೆಳಕು ಎಲ್ಲಿರುತ್ತದೆ, ಅಲ್ವಾ? ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್/5.6ಕ್ಕೆ ನಿಲ್ಲುತ್ತದೆ (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದಕ್ಕೇ ದುಬಾರಿ ಕ್ಯಾಮೆರಾ ಬಾಡಿ ಬಿಟ್ಟು ಲೆನ್ಸ್‌ಗೆ ದುಡ್ಡು ಹಾಕಿ. ಕ್ಯಾಮೆರಾದಲ್ಲಿ ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯ, ಚಿತ್ರ ಹಿಡಿಯುವ ಚಿಪ್) ಇದ್ದರೆ ಚಿಕ್ಕ ಕೋಣೆಯಲ್ಲಿ 50 ಎಂಎಂ ಲೆನ್ಸ್ ಇಕ್ಕಟ್ಟಾಗುತ್ತದೆ, 35 ಎಂಎಂ ಆರಾಮ.

ಫ್ಲಾಶ್ ಎರಡರಲ್ಲೂ ಬೇಡ. ಕಣ್ಣು ಹಸಿರಾಗಿ ಹೊಳೆಯುತ್ತದೆ.