ಬಳ್ಳಾರಿಯ ಮೂರು ಬೇಸಿಗೆ ಕಂಡ ನನ್ನ ಎಲೆಕ್ಟ್ರಿಕ್ ಸೈಕಲ್: ಮೋಟಾರ್ ಒಂದೇ, ಬ್ಯಾಟರಿ ಎರಡು

ಕೌಲ್ ಬಜಾರಿನಿಂದ ಮುಂಡ್ರಿಗಿ ಕೈಗಾರಿಕಾ ಪ್ರದೇಶದ ಜೀನ್ಸ್ ಘಟಕಕ್ಕೆ ನಾನು ದಿನಾ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ದಾರ, ಝಿಪ್, ಗುಂಡಿ ತರುವ ಓಡಾಟ ಸೇರಿ ದಿನಕ್ಕೆ 20 ಕಿಮೀ ಆಗುತ್ತದೆ. ಮೋಟಾರ್ ಹಾಕಿಸಿ ಮೂರು ಬೇಸಿಗೆ ಕಳೆದವು. ಮಾಮೂಲಿ ಸೈಕಲ್ಲಿಗೆ ಮೋಟಾರ್ ಕೂರಿಸುವ ಕಿಟ್ ಹುಡುಕುವವರೆಲ್ಲ ಮೊದಲು ಮೋಟಾರ್ ಎಷ್ಟು ವ್ಯಾಟ್ ಅಂತ ಕೇಳುತ್ತಾರೆ. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಬ್ಯಾಟರಿ ನೋಡಿ ಅನ್ನುತ್ತೇನೆ. ನಮ್ಮೂರ ಬಿಸಿಲಿಗೆ ಮೋಟಾರ್ ಜಗ್ಗಲಿಲ್ಲ, ಬ್ಯಾಟರಿ ಜಗ್ಗಿತು.

ಅಪ್ಪನ ಹಳೇ ಕಪ್ಪು ಸೈಕಲ್‌ಗೇ ಮೋಟಾರ್ ಕೂರಿಸಬೇಕು ಅಂತ ತುಂಬಾ ಆಸೆ ಇತ್ತು. ಆಗಲಿಲ್ಲ. ಹಿಂದಿನ ಚಕ್ರ ಕೂರುವ ಜಾಗ ಅಳೆದರೆ 120 ಮಿಮೀ ಕೂಡ ಇರಲಿಲ್ಲ. ಹಿಂದಕ್ಕೆ ಹಾಕುವ, ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್‌ಗೆ 135 ಮಿಮೀ ಬೇಕು. ಚಕ್ರ ಬೇರೆ 28 ಇಂಚು, ಕಿಟ್‌ಗಳು ಜಾಸ್ತಿ ಸಿಗೋದು 26 ಇಂಚಿಗೆ. ಹಾಗಾಗಿ ಸ್ಟೀಲ್ ಫ್ರೇಮಿನ, 26 ಇಂಚಿನ, ಡಿಸ್ಕ್ ಬ್ರೇಕ್ ಇರುವ ಗೇರ್ ಸೈಕಲ್ ತಗೊಂಡೆ. ನೀವು ಕಿಟ್‌ಗೆ ದುಡ್ಡು ಕೊಡುವ ಮುಂಚೆ ಸ್ಕೇಲ್ ಹಿಡಿದು ಇದೊಂದು ಅಳತೆ ನೋಡಿಕೊಳ್ಳಿ.

ಮೋಟಾರ್ 36 ವೋಲ್ಟ್, 250 ವ್ಯಾಟ್, ಒಳಗೆ ಗೇರ್ ಇರುವ ಹಬ್. ಗೇರ್ ಇಲ್ಲದ ದೊಡ್ಡ ಹಬ್ ಕೂಡ ನೋಡಿದ್ದೆ. ಅದು ಭಾರ. ಕರೆಂಟ್ ಇಲ್ಲದಾಗ ತುಳಿದರೆ ಯಾರೋ ಹಿಂದೆ ಎಳೆದಂತೆ ಆಗುತ್ತದೆ. ಗೇರ್ ಹಬ್‌ನಲ್ಲಿ ಫ್ರೀವೀಲ್ ಇರುವುದರಿಂದ ಆಫ್ ಮಾಡಿದರೆ ಮಾಮೂಲಿ ಸೈಕಲ್ ಥರಾನೇ ಓಡುತ್ತದೆ. ಇಳಿಜಾರಿನಲ್ಲಿ ಬ್ಯಾಟರಿಗೆ ವಾಪಸ್ ಚಾರ್ಜ್ ಆಗೋದಿಲ್ಲ, ನಿಜ. ಆದರೆ ಬಳ್ಳಾರಿಯ ಸಪಾಟು ರಸ್ತೆಯಲ್ಲಿ ಅದರಿಂದ ಎಷ್ಟು ಸಿಕ್ಕೀತು? 250 ವ್ಯಾಟ್ ಒಳಗೆ, ಗಂಟೆಗೆ 25 ಕಿಮೀ ವೇಗದ ಒಳಗೆ ಇದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಅದೂ ಒಂದು ಕಾರಣ.

ರೈಲ್ವೆ ಸೇತುವೆಯ ಏರಿನಲ್ಲಿ ಮಾತ್ರ ಜೊತೆಗೆ ತುಳಿಯಲೇಬೇಕು. ವೇಗ ಪೂರ್ತಿ ಇಳಿದಾಗ ಥ್ರಾಟಲ್ ಹಿಡಿದೇ ಇದ್ದರೆ ಕರೆಂಟ್ ಎಲ್ಲ ಶಾಖವಾಗಿ ಹೋಗುತ್ತದೆ, ಹಬ್ ಮುಟ್ಟಿದರೆ ಸುಡುತ್ತದೆ.

ಮೊದಲ ಬ್ಯಾಟರಿ ನನಗೆ ನೋವು ಕೊಟ್ಟಿತು. ಒಂದು ಅಂಗಡಿಯಲ್ಲಿ 36 ವೋಲ್ಟ್, 10 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಲಿಥಿಯಂ ಅಂತ ಕಡಿಮೆ ಬೆಲೆಗೆ ಕೊಟ್ಟರು. ಶುರುವಿನಲ್ಲೇ 18 ಕಿಮೀ ಮಾತ್ರ ಬಂತು. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ 10ಕ್ಕೆ ಇಳಿಯಿತು. ಎಷ್ಟೋ ಸಂಜೆ ಉಳಿದ ದಾರಿ ತುಳಿದೇ ಮನೆ ಸೇರಿದೆ. ಕೊನೆಗೆ ಬ್ಯಾಟರಿ ಕೆಲಸ ಗೊತ್ತಿರುವ ಒಬ್ಬರ ಹತ್ತಿರ ಬಿಚ್ಚಿಸಿದೆ. (ನೀವೇ ಬಿಚ್ಚಬೇಡಿ, ಶಾರ್ಟ್ ಆದರೆ ಬೆಂಕಿ ಹೊತ್ತುತ್ತದೆ.) ಒಳಗೆ ಇದ್ದದ್ದು 30 ಸೆಲ್. ಹತ್ತು ಸೆಲ್ ಸಾಲಾಗಿ ಸೇರಿದರೆ 36 ವೋಲ್ಟ್, ಅಂಥ ಮೂರು ಸಾಲು. ಒಂದೊಂದು ಸೆಲ್ 2 ಆಂಪಿಯರ್-ಅವರ್ ಇದ್ದರೂ ಒಟ್ಟು 6 ಅಷ್ಟೇ, ಅಲ್ವಾ? ನನ್ನ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಹದ ಮಾಡಿ ಕೊಡುವ ಪೆಟ್ಟಿಗೆ) ಜೋರಾಗಿ ಎಳೆದಾಗ 15 ಆಂಪಿಯರ್ ಕೇಳುತ್ತದೆ. ಅಂದರೆ ಒಂದೊಂದು ಸೆಲ್ 5 ಆಂಪಿಯರ್ ಕೊಡಬೇಕು. ಮೇಲೆ ನಮ್ಮ ಏಪ್ರಿಲ್ ಬಿಸಿಲು, ಜೊತೆಗೆ ಒಳಗಿನ ಶಾಖ. ಹೇಗೆ ಬಾಳೀತು?

ಅದಕ್ಕೇ ಬ್ಯಾಟರಿಯನ್ನು ಕೈಯಲ್ಲಿ ಎತ್ತಿ, ತಕ್ಕಡಿಯಲ್ಲಿ ಇಟ್ಟು ನೋಡಿ. ಆ ಥರದ ಸೆಲ್ ಒಂದು ಸುಮಾರು 45 ಗ್ರಾಂ ಇರುತ್ತದೆ. ನಿಜವಾದ 10 ಆಂಪಿಯರ್-ಅವರ್ ಪ್ಯಾಕಿಗೆ 2.5ರ ಸೆಲ್ 40 ಬೇಕು. ಸೆಲ್‌ಗಳೇ 1.8 ಕೆಜಿ, ಡಬ್ಬಿ ಬೇರೆ. ಅದಕ್ಕಿಂತ ಹಗುರ ಇದ್ದರೆ ಕೇಳಿ, ಸುಮ್ನೆ ತಗೋಬೇಡಿ.

ಎರಡನೇ ಸಲ ಲಿಥಿಯಂ ಫೆರೋ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರಲ್ಲ, ಅದನ್ನು ಕಟ್ಟಿಸಿದೆ. 3.2 ವೋಲ್ಟಿನ, 6 ಆಂಪಿಯರ್-ಅವರ್ ದಪ್ಪ ಸೆಲ್ 24. ಹನ್ನೆರಡರ ಎರಡು ಸಾಲು, 38.4 ವೋಲ್ಟ್, 12 ಆಂಪಿಯರ್-ಅವರ್. ನನಗೆ 14,500 ರೂಪಾಯಿ ಬಿತ್ತು, ಮೋಟಾರ್ ಕಿಟ್‌ಗಿಂತ ಜಾಸ್ತಿ. ತೂಕವೂ 4 ಕೆಜಿ ಹತ್ತಿರ. ಆದರೆ ಈ ಸೆಲ್‌ಗಳು ಶಾಖವನ್ನು ಚೆನ್ನಾಗಿ ತಡೆಯುತ್ತವೆ, ಬಾಳಿಕೆಯೂ ದೊಡ್ಡದು. ಬೇಸಿಗೆಯಲ್ಲಿ ಬ್ಯಾಟರಿ ಮನೆಯೊಳಗೆ ಇಟ್ಟು ಮಲಗುವಾಗ ನನಗೆ ಈಗ ಭಯ ಇಲ್ಲ.

ಎರಡು ವಿಷಯ ಗೊತ್ತಿರಲಿ. ಇದಕ್ಕೆ 43.8 ವೋಲ್ಟಿನ ಚಾರ್ಜರ್ ಬೇಕು. ಹಳೇ 42 ವೋಲ್ಟಿನದು ಹಾಕಿದರೆ ಪೂರ್ತಿ ತುಂಬೋದಿಲ್ಲ. ಇನ್ನೊಂದು, ಹ್ಯಾಂಡಲ್ ಮೇಲಿನ ಡಿಸ್‌ಪ್ಲೇಯ ಕಡ್ಡಿಗಳನ್ನು ನಂಬಬೇಡಿ. ಎಲ್‌ಎಫ್‌ಪಿಯ ವೋಲ್ಟೇಜ್ ಕೊನೆವರೆಗೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇದ್ದು, ಆಮೇಲೆ ದಢಕ್ಕನೆ ಬೀಳುತ್ತದೆ. ನಾನು ಕಿಮೀ ನೋಡಿಯೇ ಲೆಕ್ಕ ಇಡುತ್ತೇನೆ.

ಘಟಕ ಮುಟ್ಟಿದ ಕೂಡಲೇ ಬ್ಯಾಟರಿ ಬಿಚ್ಚಿ ಒಳಗೆ ನೆರಳಲ್ಲಿ ಇಡುತ್ತೇನೆ. ಮನೆಗೆ ಬಂದ ಮೇಲೆ ಒಂದು ತಾಸು ಆರಲು ಬಿಟ್ಟು ಆಮೇಲೆ ಚಾರ್ಜಿಗೆ. ನಾಲ್ಕು ತಾಸು ಹಿಡಿಯುತ್ತದೆ. ಖಾಲಿಯಿಂದ ಪೂರ್ತಿ ತುಂಬಲು ಸುಮಾರು ಅರ್ಧ ಯೂನಿಟ್ ಕರೆಂಟ್.

ಮೋಟಾರ್ ಕಡೆಯಿಂದ ಒಂದೇ ತೊಂದರೆ ಬಂತು. ಮೊದಲ ತಿಂಗಳಲ್ಲೇ ಆಕ್ಸಲ್ ನಟ್ ಸಡಿಲಾಗಿ ಆಕ್ಸಲ್ ಸ್ವಲ್ಪ ತಿರುಗಿತ್ತು. ಇನ್ನೊಂದಿಷ್ಟು ತಿರುಗಿದ್ದರೆ ವೈರ್ ಕತ್ತರಿಸಿ ಹೋಗುತ್ತಿತ್ತು. ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಟಾರ್ಕ್ ಆರ್ಮ್ ಹಾಕಿಸಿದೆ, ಅಲ್ಲಿಂದ ಅಲುಗಾಡಿಲ್ಲ. ಕಿಟ್ ಜೊತೆ ಅದು ಬರದಿದ್ದರೆ ಬೇರೆ ಕೊಂಡಾದರೂ ಹಾಕಿಸಿ.

ಈ ಬ್ಯಾಟರಿಯಲ್ಲಿ ಇಲ್ಲಿವರೆಗೆ 11,000 ಕಿಮೀ ದಾಟಿದೆ. ಹೊಸದರಲ್ಲಿ ಒಂದು ಚಾರ್ಜಿಗೆ 34 ಕಿಮೀ ಬರುತ್ತಿತ್ತು, ಈಗ 30. ಆಷಾಢದ ಗಾಳಿ ಎದುರಿಗೆ ಬೀಸಿದ ದಿನ 24.