ಆಂಡ್ರಾಯ್ಡ್ ಫೋನಿನ ಫ್ಯಾಕ್ಟರಿ ರೀಸೆಟ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಆಂಡ್ರಾಯ್ಡ್ ಫೋನಿನೊಳಗೇ ಬರುವ ರಿಪೇರಿ ಸೌಲಭ್ಯಗಳಲ್ಲಿ ಫ್ಯಾಕ್ಟರಿ ರೀಸೆಟ್‌ನಷ್ಟು ಬಲವಾದದ್ದು ಇನ್ನೊಂದಿಲ್ಲ. ಅದರಷ್ಟು ಅವಸರದಲ್ಲಿ ಬಳಕೆಯಾಗುವುದೂ ಇನ್ನೊಂದಿಲ್ಲ. ಹ್ಯಾಂಗ್ ಆದರೆ ರೀಸೆಟ್, ಚಾರ್ಜ್ ನಿಲ್ಲದಿದ್ದರೆ ರೀಸೆಟ್, ನೆಟ್‌ವರ್ಕ್ ಬರದಿದ್ದರೂ ರೀಸೆಟ್. ಈ ಮೂರರಲ್ಲಿ ಮೊದಲನೆಯದಕ್ಕೆ ಅದು ಕೆಲವೊಮ್ಮೆ ಮದ್ದು, ಉಳಿದೆರಡಕ್ಕೆ ಅಪರೂಪಕ್ಕೆ. ಹಲವು ಕಂಪನಿಗಳ ಫೋನುಗಳಲ್ಲಿ, ಆಂಡ್ರಾಯ್ಡ್‌ನ ಹಲವು ಆವೃತ್ತಿಗಳಲ್ಲಿ ಬಳಸಿದ ಮೇಲೆ ಅಂಕ ಕೊಡುವುದಾದರೆ, ಮಾಡುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ. ಮಾಡುವ ಮುಂಚೆ ಕೊಡುವ ಎಚ್ಚರಿಕೆಗೆ ಎರಡೇ. ಏನೇನು ಅಳಿಯುತ್ತದೆ, ಏನು ಉಳಿಯುತ್ತದೆ, ಯಾವುದು ಮತ್ತೆಂದೂ ಸಿಗುವುದಿಲ್ಲ ಎಂಬುದನ್ನು ಆ ಪರದೆ ಅರ್ಧಂಬರ್ಧ ಹೇಳಿ ಬಿಡುತ್ತದೆ. ಜನ ಪೆಟ್ಟು ತಿನ್ನುವುದು ಅಲ್ಲೇ.

ಮೊದಲು ಅದು ಮಾಡುವುದೇನು ಎಂದು ನೋಡೋಣ. ಫೋನಿನ ಸ್ಟೋರೇಜಿನಲ್ಲಿ ಹಲವು ವಿಭಾಗಗಳಿವೆ. ಆಂಡ್ರಾಯ್ಡ್ ಇರುವುದು ಸಿಸ್ಟಂ ವಿಭಾಗದಲ್ಲಿ. ನಾವು ಹಾಕಿಕೊಂಡ ಆ್ಯಪ್, ಸೆಟ್ಟಿಂಗ್, ಫೋಟೊ, ಮೆಸೇಜ್ ಎಲ್ಲ ಇರುವುದು ಡೇಟಾ ವಿಭಾಗದಲ್ಲಿ. ರೀಸೆಟ್ ಅಳಿಸುವುದು ಡೇಟಾ ವಿಭಾಗವನ್ನು. ಸಿಸ್ಟಂ ವಿಭಾಗ ಹಾಗೇ ಇರುತ್ತದೆ. ಆದ್ದರಿಂದ ಆಂಡ್ರಾಯ್ಡ್ 11ರೊಂದಿಗೆ ಕೊಂಡು 13ಕ್ಕೆ ಏರಿದ ಫೋನ್ ರೀಸೆಟ್ ಆದ ಮೇಲೂ 13ರಲ್ಲೇ ಇರುತ್ತದೆ. 'ಅಪ್‌ಡೇಟ್ ಆದ ಮೇಲೆ ಹಾಳಾಯ್ತು, ರೀಸೆಟ್ ಮಾಡಿದರೆ ಹಳೆಯದು ಬರುತ್ತೆ' ಎಂಬ ನಂಬಿಕೆಗೆ ಆಧಾರವಿಲ್ಲ. ಹಳೆಯ ಡೇಟಾ ಹೊಸ ಆವೃತ್ತಿಗೆ ಹೊಂದದೆ ಎದ್ದ ತೊಂದರೆ ಹೋಗುತ್ತದೆ. ಅಪ್‌ಡೇಟಿನಲ್ಲೇ ದೋಷವಿದ್ದರೆ ಮುಂದಿನ ಅಪ್‌ಡೇಟ್‌ವರೆಗೆ ಕಾಯಲೇಬೇಕು.

ರೀಸೆಟ್ ತನ್ನ ಯೋಗ್ಯತೆ ತೋರಿಸಿದ ಒಳ್ಳೆಯ ಉದಾಹರಣೆ 2020ರ ಮೇ ತಿಂಗಳ ಕೊನೆಯದು. ಸರೋವರದ ಒಂದು ಸುಂದರ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡ ಕೂಡಲೇ ಆಂಡ್ರಾಯ್ಡ್ 10ರ ಕೆಲವು ಸ್ಯಾಮ್‌ಸಂಗ್ ಮತ್ತು ಪಿಕ್ಸೆಲ್ ಫೋನುಗಳು ಆನ್ ಆಗುವುದು, ಬೀಳುವುದು, ಮತ್ತೆ ಆನ್ ಆಗುವುದು, ಹೀಗೆ ಸುತ್ತತೊಡಗಿದವು. ಆ ಚಿತ್ರದ ಬಣ್ಣದ ವಿಧಾನ ಬೇರೆಯಾಗಿದ್ದು, ಪ್ರಕಾಶದ ಲೆಕ್ಕ 255ರ ಮಿತಿ ದಾಟಿ ಸಿಸ್ಟಂ ಕುಸಿಯುತ್ತಿತ್ತು. ವಾಲ್‌ಪೇಪರ್ ಇರುವುದು ಡೇಟಾ ವಿಭಾಗದಲ್ಲಿ, ಆದ್ದರಿಂದ ಡೇಟಾ ಅಳಿಸಿದಾಗ ಫೋನ್ ಬದುಕಿತು.

ಇದಕ್ಕೆ ವಿರುದ್ಧವಾದ ಉದಾಹರಣೆಗೆ 2021ರ ಮಾರ್ಚ್ ನೆನಪಿಸಿಕೊಳ್ಳಿ. ಜಿಮೇಲ್ ಮತ್ತಿತರ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಕಾರಣ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಒಳ ಆ್ಯಪ್‌ಗೆ ಬಂದ ಕೆಟ್ಟ ಅಪ್‌ಡೇಟ್. ಪ್ಲೇ ಸ್ಟೋರಿನಲ್ಲಿ ಅದರ ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿದ್ದರೆ ಸಾಕಿತ್ತು. ಗೂಗಲ್ ಬೇಗನೇ ಸರಿಪಡಿಸಿದ ಆವೃತ್ತಿಯನ್ನೂ ಬಿಟ್ಟಿತು. ಅಂಥ ಹೊತ್ತಿನಲ್ಲಿ ರೀಸೆಟ್ ಮಾಡಿದವರಿಗೆ ಸಿಗುವುದು ಖಾಲಿ ಫೋನ್ ಮಾತ್ರ. ಒಂದೇ ದಿನ ಹಲವು ಆ್ಯಪ್ ಒಟ್ಟಿಗೆ ಬೀಳತೊಡಗಿದರೆ, ಅಕ್ಕಪಕ್ಕದವರ ಫೋನಿನಲ್ಲೂ ಹಾಗೇ ಆಗುತ್ತಿದೆಯೇ ಎಂದು ಮೊದಲು ಕೇಳಿ.

ರೋಗ ಎಲ್ಲಿದೆ ಎಂದು ತಿಳಿಯಲು ಸೇಫ್ ಮೋಡ್ ಇದೆ. ಇದನ್ನು ಬಳಸುವವರು ತುಂಬ ಕಡಿಮೆ, ಇದು ನಿಜಕ್ಕೂ ಬೇಸರದ ಸಂಗತಿ. ಪವರ್ ಬಟನ್ ಒತ್ತಿದಾಗ ಬರುವ ಮೆನುವಿನಲ್ಲಿ 'ಪವರ್ ಆಫ್' ಮೇಲೆ ಬೆರಳು ಒತ್ತಿ ಹಿಡಿದರೆ ಸೇಫ್ ಮೋಡ್‌ಗೆ ಹೋಗಲೇ ಎಂದು ಕೇಳುತ್ತದೆ. ಹಲವು ಫೋನುಗಳಲ್ಲಿ, ಆನ್ ಆಗುವಾಗ ಲೋಗೊ ಕಂಡ ಕೂಡಲೇ ವಾಲ್ಯೂಮ್ ಕೆಳಗಿನ ಬಟನ್ ಒತ್ತಿ ಹಿಡಿದರೂ ಆದೀತು. ಅಲ್ಲಿ ನಾವು ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ. ಅರ್ಧ ದಿನ ಹಾಗೇ ಬಳಸಿ. ಬಿಸಿಯಾಗುವುದು, ಜಾಹೀರಾತು ಮೇಲೆದ್ದು ಬರುವುದು, ಹ್ಯಾಂಗ್ ನಿಂತರೆ ತಪ್ಪು ಯಾವುದೋ ಆ್ಯಪ್‌ನದು. ಸಾಮಾನ್ಯ ಸ್ಥಿತಿಗೆ ಮರಳಿ, ತೀರಾ ಇತ್ತೀಚೆಗೆ ಹಾಕಿದ್ದರಿಂದ ಶುರುಮಾಡಿ ಒಂದೊಂದೇ ತೆಗೆಯುತ್ತ ಬನ್ನಿ. ರೀಸೆಟ್‌ನ ಗೊಡವೆಯೇ ಬೇಡ.

ಸ್ಟೋರೇಜ್ ತುಂಬಿರುವುದು ಇನ್ನೊಂದು ದೊಡ್ಡ ಕಾರಣ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದರೆ ಆಂಡ್ರಾಯ್ಡ್ ಒದ್ದಾಡತೊಡಗುತ್ತದೆ. 64 ಜಿಬಿ ಫೋನಾದರೆ 6 ಜಿಬಿಯಾದರೂ ಖಾಲಿ ಇರಲಿ. ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳ ವಿಡಿಯೊ ಅಳಿಸಿದರೇ ಎಷ್ಟೋ ಫೋನುಗಳು ಚೇತರಿಸಿಕೊಳ್ಳುತ್ತವೆ. ವೈಫೈ ಅಥವಾ ಬ್ಲೂಟೂತ್ ಕೈಕೊಟ್ಟರೆ, ರೀಸೆಟ್ ಆಯ್ಕೆಗಳಲ್ಲೇ ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ರೀಸೆಟ್ ಮಾಡುವ ಸಣ್ಣ ಆಯ್ಕೆ ಇದೆ. ಅದರಿಂದ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋಟೊ ಹೋಗುವುದಿಲ್ಲ.

ಹಾರ್ಡ್‌ವೇರ್ ದೋಷಕ್ಕೆ ರೀಸೆಟ್ ಏನೂ ಮಾಡಲಾರದು. ಚಾರ್ಜ್ 30 ಪ್ರತಿಶತ ತೋರಿಸುತ್ತಿದ್ದಂತೆ ಫೋನ್ ಆಫ್ ಆಗುವುದು, ಅದರಲ್ಲೂ ಕ್ಯಾಮೆರಾ ತೆರೆದಾಗ, ಹಳೆಯ ಬ್ಯಾಟರಿಯ ಲಕ್ಷಣ. ಹಿಂಬದಿ ಮುಚ್ಚಳ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ. ಚಾರ್ಜಿಗೆ ಹಾಕುವುದನ್ನು ಅಂದೇ ನಿಲ್ಲಿಸಿ. ಬೆರಳು ಸೋಕದೆ ಪರದೆ ತಾನೇ ಒತ್ತಿಕೊಳ್ಳುತ್ತಿದ್ದರೆ ಮೊದಲು ಚಾರ್ಜರ್ ಬದಲಿಸಿ, ಸ್ಕ್ರೀನ್ ಗಾರ್ಡ್ ಕಿತ್ತು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚಾರ್ಜಿಂಗ್ ಪೋರ್ಟಿಗೆ ತೇವ ಹಿಡಿದು ಬರುವ ತೊಂದರೆಗಳೂ ಇದೇ ಗುಂಪಿಗೆ ಸೇರುತ್ತವೆ. ಪದೇ ಪದೇ ರೀಸ್ಟಾರ್ಟ್ ಆಗುವ ಫೋನಿನ ಕವರ್ ತೆಗೆದು ಪವರ್ ಬಟನ್ ಒಳಗೆ ಸಿಕ್ಕಿಕೊಂಡಿದೆಯೇ ನೋಡಿ. ಇಷ್ಟು ಸಣ್ಣ ಕಾರಣಕ್ಕೆ ಇಡೀ ಡೇಟಾ ಅಳಿಸಿಕೊಂಡವರಿದ್ದಾರೆ. ರೀಸೆಟ್ ಆದ ಖಾಲಿ ಫೋನೇ, ಯಾವ ಆ್ಯಪ್ ಹಾಕುವ ಮುಂಚೆಯೂ, ನಿಧಾನವಾಗಿದ್ದು ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಸ್ಟೋರೇಜ್ ಚಿಪ್ ಅಥವಾ ಬೋರ್ಡ್ ಮೇಲೆ ಅನುಮಾನ ಪಡಬೇಕು. ಎರಡನೇ ಸಲ ರೀಸೆಟ್ ಮಾಡಿ ಫಲವಿಲ್ಲ.

ಇಷ್ಟೆಲ್ಲ ನೋಡಿಯೂ ರೀಸೆಟ್ ಬೇಕೆಂದಾದರೆ ಬ್ಯಾಕಪ್. ಇಲ್ಲಿ ನಿಧಾನ ಬೇಕು. ಈಗಿನ ಫೋನುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ರೂಪದಲ್ಲಿರುತ್ತದೆ; ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಗೆ ಇದು ಕಡ್ಡಾಯ. ರೀಸೆಟ್ ಆದಾಗ ಅದರ ಕೀಲಿಯೇ ನಾಶವಾಗುತ್ತದೆ. 'ಅಳಿದ ಫೋಟೊ ಮರಳಿ ಕೊಡುತ್ತೇವೆ' ಎನ್ನುವ ಆ್ಯಪ್‌ಗಳು, ಅಂಗಡಿಯವರು ಇಂಥ ಫೋನಿನಿಂದ ಏನನ್ನೂ ತೆಗೆಯಲಾರರು. ಅವರಿಗೆ ದುಡ್ಡು ಕೊಡಬೇಡಿ.

ಗೂಗಲ್ ಬ್ಯಾಕಪ್ ಆನ್ ಇದೆ ಎಂಬ ಧೈರ್ಯ ಸಾಲದು. ಅದು ಪ್ರತಿ ಆ್ಯಪ್‌ನ ಡೇಟಾವನ್ನು 25 ಎಂಬಿವರೆಗೆ ಮಾತ್ರ ಉಳಿಸುತ್ತದೆ, ಅದೂ ಆ ಆ್ಯಪ್ ಒಪ್ಪಿದ್ದರೆ. ಕಾಲ್ ಪಟ್ಟಿ, ಎಸ್ಸೆಮ್ಮೆಸ್, ಸೆಟ್ಟಿಂಗ್ ಬರುತ್ತವೆ. ಕಾಲ್ ರೆಕಾರ್ಡಿಂಗ್, ಧ್ವನಿ ರೆಕಾರ್ಡಿಂಗ್, ಡೌನ್‌ಲೋಡ್ ಫೋಲ್ಡರಿನ ಪಹಣಿ, ಅಂಕಪಟ್ಟಿಯ ಪಿಡಿಎಫ್‌ಗಳು ಬರುತ್ತವೆಂದು ಎಣಿಸಬೇಡಿ. ಅವನ್ನು ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿಗೋ, ಫೋನಿಗೇ ಸಿಕ್ಕಿಸಬಹುದಾದ ಒಟಿಜಿ ಪೆನ್‌ಡ್ರೈವಿಗೋ ಕೈಯಾರೆ ನಕಲು ಮಾಡಬೇಕು. ಗೂಗಲ್ ಫೋಟೋಸ್ ತಾನಾಗಿ ಉಳಿಸುವುದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸ್ಆ್ಯಪ್ ಚಿತ್ರಗಳು, ಸ್ಕ್ರೀನ್‌ಶಾಟ್‌ಗಳು ಬೇಕಿದ್ದರೆ ಅದರ ಬ್ಯಾಕಪ್ ಸೆಟ್ಟಿಂಗಿನಲ್ಲಿ ಆ ಫೋಲ್ಡರುಗಳನ್ನು ಬೇರೆಯಾಗಿ ಆನ್ ಮಾಡಬೇಕು. ಮಗುವಿನ ವಿಡಿಯೊಗಳಲ್ಲಿ ಅರ್ಧ ವಾಟ್ಸ್ಆ್ಯಪ್‌ನಲ್ಲಿ ಬಂದವಾಗಿರುತ್ತವೆ ಎಂಬುದನ್ನು ಮರೆಯಬೇಡಿ.

ಫೋನ್ ನಂಬರುಗಳ ವಿಷಯದಲ್ಲಿ ಹಿರಿಯರ ಫೋನುಗಳನ್ನು ವಿಶೇಷವಾಗಿ ನೋಡಿ. ಎಷ್ಟೋ ನಂಬರುಗಳು ಗೂಗಲ್ ಖಾತೆಯ ಬದಲು 'ಫೋನ್' ಎಂಬಲ್ಲಿ ಸೇವ್ ಆಗಿರುತ್ತವೆ. ಇನ್ನೊಂದು ಫೋನ್ ಅಥವಾ ಕಂಪ್ಯೂಟರಿನಲ್ಲಿ ಅದೇ ಖಾತೆಯ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಎಣಿಕೆ ಹೋಲಿಸಿ. ಹೊಂದದಿದ್ದರೆ ಎಕ್ಸ್‌ಪೋರ್ಟ್ ಮಾಡಿ ಆ ಫೈಲನ್ನು ಹೊರಗೆ ಇಡಿ.

ವಾಟ್ಸ್ಆ್ಯಪ್ ಚಾಟ್‌ಗಳಿಗೆ ಅದರದೇ ಬ್ಯಾಕಪ್ ಇದೆ. 2024ರಿಂದ ಆ ಬ್ಯಾಕಪ್ ಗೂಗಲ್‌ನ ಉಚಿತ 15 ಜಿಬಿಯಲ್ಲೇ ಲೆಕ್ಕಕ್ಕೆ ಬರುವುದರಿಂದ, ಜಾಗ ತುಂಬಿ ತಿಂಗಳುಗಟ್ಟಲೆ ಬ್ಯಾಕಪ್ ನಿಂತಿರುವುದು ಸಾಮಾನ್ಯ. ಕೊನೆಯ ಬ್ಯಾಕಪ್‌ನ ದಿನಾಂಕ ಕಣ್ಣಾರೆ ನೋಡಿ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಆನ್ ಮಾಡಿ ಪಾಸ್‌ವರ್ಡ್ ಇಟ್ಟಿದ್ದರೆ, ಅದು ಮರೆತಲ್ಲಿ ವಾಟ್ಸ್ಆ್ಯಪ್‌ನವರಿಂದಲೂ ತೆರೆಯಲಾಗದು. ಇನ್ನು ಖಾತೆಗಳಿಗೆ ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ ಎರಡನೇ ಹಂತದ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್. ಗೂಗಲ್‌ನ ಆಥೆಂಟಿಕೇಟರ್‌ಗೆ ಖಾತೆಯೊಂದಿಗೆ ಸಿಂಕ್ ಆಗುವ ಸೌಲಭ್ಯ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದು ಆನ್ ಇಲ್ಲದಿದ್ದರೆ ಕೋಡ್‌ಗಳನ್ನು ಇನ್ನೊಂದು ಫೋನಿಗೆ ಸಾಗಿಸಿಯೇ ಮುಂದುವರಿಯಿರಿ.

ಮೆಮೊರಿ ಕಾರ್ಡ್ ಅಳಿಯುವುದಿಲ್ಲ. ಆದರೆ ಅದನ್ನು ಫೋನಿನ ಒಳ ಸ್ಟೋರೇಜ್ ಎಂದು ಫಾರ್ಮ್ಯಾಟ್ ಮಾಡಿಕೊಂಡಿದ್ದರೆ ಅದರ ಕೀಲಿಯೂ ಫೋನಿನಲ್ಲೇ ಇರುತ್ತದೆ. ರೀಸೆಟ್ ಆದ ಮೇಲೆ ಕಾರ್ಡಿನಲ್ಲಿರುವುದನ್ನು ಓದಲಾಗದು. ಕಾರ್ಡ್ ಮತ್ತು ಸಿಮ್ ಹೊರಗೆ ತೆಗೆದಿಡುವುದು ಕ್ಷೇಮ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇರುವವರು 'ಇ-ಸಿಮ್ ಅಳಿಸಿ' ಎಂಬ ಆಯ್ಕೆಗೆ ಟಿಕ್ ಹಾಕದಿರಿ.

ರೀಸೆಟ್‌ಗೆ ದಾರಿ ಎರಡು. ಫೋನ್ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್ ದಾರಿಯೇ ಸರಿ. ಮೊದಲು ಚಾರ್ಜ್ 70 ಪ್ರತಿಶತ ದಾಟಿರಲಿ. ಪಿಕ್ಸೆಲ್, ಮೊಟೊರೊಲಾದಲ್ಲಿ ಸಿಸ್ಟಂ, ರೀಸೆಟ್ ಆಯ್ಕೆಗಳು, ಎಲ್ಲ ಡೇಟಾ ಅಳಿಸಿ ಎಂಬ ಕ್ರಮ. ಸ್ಯಾಮ್‌ಸಂಗ್‌ನಲ್ಲಿ ಜನರಲ್ ಮ್ಯಾನೇಜ್‌ಮೆಂಟ್ ಒಳಗೆ ರೀಸೆಟ್. ಶವೋಮಿಯಲ್ಲಿ 'ಅಬೌಟ್ ಫೋನ್' ಒಳಗೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ರೀಸೆಟ್ ಎಂದು ಬರೆಯಿರಿ.

ಫೋನ್ ತೆರೆಯದಿದ್ದರೆ ರಿಕವರಿ ಮೋಡ್, ಅಂದರೆ ಆಂಡ್ರಾಯ್ಡ್ ಶುರುವಾಗದಿದ್ದರೂ ಬಟನ್‌ಗಳಿಂದ ತೆರೆಯಬಹುದಾದ ರಿಪೇರಿ ಮೆನು. ಆಫ್ ಮಾಡಿ, ಶವೋಮಿ ಮತ್ತು ಸ್ಯಾಮ್‌ಸಂಗ್‌ನಲ್ಲಿ ವಾಲ್ಯೂಮ್ ಮೇಲಿನ ಬಟನ್ ಮತ್ತು ಪವರ್ ಒಟ್ಟಿಗೆ. ಪಿಕ್ಸೆಲ್, ಮೊಟೊರೊಲಾದಲ್ಲಿ ವಾಲ್ಯೂಮ್ ಕೆಳಗಿನದು ಮತ್ತು ಪವರ್, ನಂತರ ಮೆನುವಿನಲ್ಲಿ ರಿಕವರಿ ಆರಿಸಬೇಕು. ಆಂಡ್ರಾಯ್ಡ್ 11ರ ನಂತರದ ಹಲವು ಸ್ಯಾಮ್‌ಸಂಗ್ ಮಾದರಿಗಳಲ್ಲಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸದಿದ್ದರೆ ರಿಕವರಿ ಬರುವುದೇ ಇಲ್ಲ. ಬಟನ್ ಕೆಟ್ಟಿದೆ ಎಂದುಕೊಂಡು ಬಿಟ್ಟುಬಿಡುವವರು ಇಲ್ಲೇ ಹೆಚ್ಚು. ಪಿಕ್ಸೆಲ್‌ನಲ್ಲಿ 'ನೋ ಕಮಾಂಡ್' ಎಂದು ಬಂದು ನಿಂತರೆ ಗಾಬರಿ ಬೇಡ. ಪವರ್ ಒತ್ತಿ ಹಿಡಿದು, ವಾಲ್ಯೂಮ್ ಮೇಲಿನದನ್ನು ಒಮ್ಮೆ ಒತ್ತಿ ಬಿಡಿ, ಮೆನು ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ತಾತ್ಕಾಲಿಕ ಫೈಲುಗಳನ್ನಷ್ಟೇ ಅಳಿಸುವ 'ವೈಪ್ ಕ್ಯಾಶ್ ಪಾರ್ಟಿಶನ್' ಇದ್ದರೆ ಮೊದಲು ಅದನ್ನು ಮಾಡಿ ರೀಬೂಟ್ ಮಾಡಿ ನೋಡಿ. ನಿಮ್ಮ ಫೈಲುಗಳಿಗೆ ಏನೂ ಆಗದು. ಅದರಿಂದ ಆಗದಿದ್ದರಷ್ಟೇ 'ವೈಪ್ ಡೇಟಾ'.

ರಿಕವರಿ ದಾರಿಯಲ್ಲಿ ಹೋದರೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎದುರಾಗುತ್ತದೆ. 2015ರಲ್ಲಿ ಆಂಡ್ರಾಯ್ಡ್ 5.1ರೊಂದಿಗೆ ಬಂದ ಈ ಕಾವಲು, ಮೊದಲಿದ್ದ ಗೂಗಲ್ ಖಾತೆ ಅಥವಾ ಹಳೆಯ ಸ್ಕ್ರೀನ್ ಲಾಕ್ ಕೊಡದೆ ಮುಂದೆ ಬಿಡುವುದಿಲ್ಲ. ಕಳ್ಳರ ವಿರುದ್ಧ ಇದು ಅತ್ಯುತ್ತಮ. ಮಕ್ಕಳೋ ಅಂಗಡಿಯವರೋ ಮಾಡಿಕೊಟ್ಟ ಜಿಮೇಲ್‌ನ ಹೆಸರೇ ಗೊತ್ತಿಲ್ಲದವರಿಗೆ ಇದೇ ಗೋಡೆ. ಖಾತೆ, ಪಾಸ್‌ವರ್ಡ್ ಎರಡನ್ನೂ ಮೊದಲೇ ಕಾಗದದಲ್ಲಿ ಬರೆದಿಡಿ. ಪಾಸ್‌ವರ್ಡ್ ಆಗಷ್ಟೇ ಬದಲಿಸಿದ್ದರೆ 24 ಗಂಟೆ ಕಾದು ರೀಸೆಟ್ ಮಾಡಿ ಎನ್ನುವುದು ಗೂಗಲ್‌ನದೇ ಸಲಹೆ.

ಮತ್ತೆ ಸಿದ್ಧಪಡಿಸುವಾಗ ವೈಫೈ ಇರಲಿ. ಆ್ಯಪ್‌ಗಳ ಅಪ್‌ಡೇಟ್‌ಗೇ ದಿನದ 1.5 ಜಿಬಿ ಸಾಲುವುದಿಲ್ಲ. ಬ್ಯಾಕಪ್‌ನಿಂದ ಮರಳಿ ತರಲೇ ಎಂಬ ಪ್ರಶ್ನೆ ಶುರುವಿನಲ್ಲೇ ಬರುತ್ತದೆ. ಆಗ 'ಸ್ಕಿಪ್' ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಮತ್ತೆ ಮೊದಲಿನಿಂದ ರೀಸೆಟ್ ಮಾಡಬೇಕಾಗುತ್ತದೆ. ಹಳೆಯ ಲಾಕಿನ ಪಿನ್ ಅಥವಾ ಪ್ಯಾಟರ್ನ್ ಕೂಡ ಕೇಳುತ್ತದೆ, ನೆನಪಿರಲಿ. ಆದರೆ ಯಾವುದೋ ಆ್ಯಪ್‌ನ ಕಾಟಕ್ಕೇ ರೀಸೆಟ್ ಮಾಡಿದ್ದರೆ ಎಲ್ಲ ಆ್ಯಪ್ ಒಟ್ಟಿಗೆ ತರಬೇಡಿ. ಪಟ್ಟಿಯಲ್ಲಿ ಬೇಕಾದವನ್ನಷ್ಟೇ ಆರಿಸಿ. ಯುಪಿಐ ಆ್ಯಪ್‌ಗಳು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಫೋನನ್ನು ಮತ್ತೆ ನೋಂದಾಯಿಸುತ್ತವೆ. ಯುಪಿಐ ಪಿನ್ ಹಳೆಯದೇ. ಹಾಗೆ ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಶಾಲೆಯ ಫೀಸು, ಬಾಡಿಗೆ ಕಟ್ಟುವ ದಿನ ರೀಸೆಟ್ ಇಟ್ಟುಕೊಳ್ಳಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡ ಎಂದು ಬರುವ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಬಿಡುವ ಫೈಲ್) ಒತ್ತಿ ಮೋಸಹೋದವರಿಗೆ ಕ್ರಮವೇ ಬೇರೆ. ಮೊದಲು ಏರೋಪ್ಲೇನ್ ಮೋಡ್. ಇನ್ನೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ. ಆ ಫೈಲ್ ಬಂದ ಮೆಸೇಜಿನ ಚಿತ್ರವನ್ನು ಇನ್ನೊಂದು ಫೋನಿನಲ್ಲಿ ತೆಗೆದಿಡಿ, ಪಾಸ್‌ವರ್ಡ್‌ಗಳನ್ನು ಅಲ್ಲಿಂದಲೇ ಬದಲಿಸಿ. ರೀಸೆಟ್ ಆಮೇಲೆ. ನಾವೇ ಹಾಕಿಕೊಂಡ ಇಂಥ ಆ್ಯಪ್ ರೀಸೆಟ್‌ನಿಂದ ಹೋಗುತ್ತದೆ. ಸಿಸ್ಟಂ ವಿಭಾಗಕ್ಕೇ ನುಗ್ಗಿ ರೀಸೆಟ್ ಆದ ಮೇಲೂ ಮರಳುತ್ತಿದ್ದ ಎಕ್ಸ್‌ಹೆಲ್ಪರ್ ಎಂಬ ಕೆಟ್ಟ ಆ್ಯಪ್ 2019-20ರಲ್ಲಿ ಕಂಡಿತ್ತು, ಅದೂ ಹೆಚ್ಚಾಗಿ ಆಂಡ್ರಾಯ್ಡ್ 6 ಮತ್ತು 7ರ ಫೋನುಗಳಲ್ಲಿ. ಆದರೆ ವಂಚಕರು ನಿಮ್ಮ ಕರೆಗಳು ತಮ್ಮ ನಂಬರಿಗೆ ಹೋಗುವಂತೆ ಕಾಲ್ ಫಾರ್ವರ್ಡಿಂಗ್ ಹಾಕಿದ್ದರೆ ಅದು ಇರುವುದು ಮೊಬೈಲ್ ಕಂಪನಿಯ ನೆಟ್‌ವರ್ಕಿನಲ್ಲಿ. ಎಷ್ಟು ರೀಸೆಟ್ ಮಾಡಿದರೂ ಹೋಗದು. *#21# ಡಯಲ್ ಮಾಡಿ ನೋಡಿ, ##002# ಡಯಲ್ ಮಾಡಿ ಎಲ್ಲ ಫಾರ್ವರ್ಡಿಂಗ್ ರದ್ದುಮಾಡಿ.

ಫೋನ್ ಮಾರುವುದಕ್ಕಾದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನೂ, ಸ್ಯಾಮ್‌ಸಂಗ್ ಅಥವಾ ಶವೋಮಿ ಖಾತೆ ಇದ್ದರೆ ಅದನ್ನೂ ತೆಗೆದು, ಅಲ್ಲಿಂದಲೇ ರೀಸೆಟ್ ಮಾಡಿ. ಈ ಸಲ ಇ-ಸಿಮ್ ಕೂಡ ಅಳಿಸಿ. ರಿಪೇರಿಗೆ ಕೊಡುವಾಗಲಾದರೆ ಪ್ರತಿ ಸಲ ಅಳಿಸಬೇಕೆಂದಿಲ್ಲ. ಈಚಿನ ಸ್ಯಾಮ್‌ಸಂಗ್‌ಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ಗಳಲ್ಲಿ 2023ರ ಡಿಸೆಂಬರ್‌ನಿಂದ ರಿಪೇರ್ ಮೋಡ್ ಇವೆ. ನಿಮ್ಮ ಫೋಟೊ, ಮೆಸೇಜು ಕಾಣದಂತೆ ಫೋನ್ ಕೊಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಹಳೆಯ ಫೋನ್ ಕೊಳ್ಳುವವರು, ಅಲ್ಲೇ ವೈಫೈ ಅಥವಾ ಹಾಟ್‌ಸ್ಪಾಟ್‌ಗೆ ಜೋಡಿಸಿ, ಹಿಂದಿನವರ ಖಾತೆ ಕೇಳದೆ ಹೋಮ್ ಸ್ಕ್ರೀನ್‌ವರೆಗೆ ತಲುಪುವುದನ್ನು ನೋಡಿಕೊಂಡೇ ದುಡ್ಡು ಕೊಡಿ.